ಎಡಬದಿಯೇ ಇಲ್ಲದ ಲೋಕ

ಟೇಕಲ್‌ನ ಬಂಡೆಗಳ ನಡುವೆ ಮೂವತ್ತು ವರ್ಷ ಕಲ್ಲು ಕೆಲಸ ಮಾಡಿದ, ನನಗೆ ಬಹುಕಾಲದ ಪರಿಚಯವಿರುವ ಹಿರಿಯರೊಬ್ಬರು ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದರು. ನೋಡಲು ಹೋದಾಗ ಮಾತು ಸ್ಪಷ್ಟವಾಗಿತ್ತು, ನೆನಪು ಗಟ್ಟಿಯಾಗಿತ್ತು. ಆದರೆ ತಟ್ಟೆಯ ಬಲಭಾಗದ ಮುದ್ದೆಯನ್ನು ಮುಗಿಸಿದವರು ಎಡಭಾಗದ ಪಲ್ಯವನ್ನು ಮುಟ್ಟದೆ, ಇನ್ನೇನೂ ಬಡಿಸಲಿಲ್ಲವೇ ಎಂದು ಕೇಳಿದರು. ‘ನನ್ ಮ್ಯಾಲಿನ ಸಿಟ್ಟು ಊಟದ್ ಮ್ಯಾಲ್ ತೋರಿಸ್ತವ್ರೆ’ ಎಂಬುದು ಮನೆಯಾಕೆಯ ಅಳಲು. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೊಡನೆ, ಹೊಸದಾಗಿ ಬಡಿಸಿದ್ದೆಂಬಂತೆ ಪಲ್ಯವೂ ಖಾಲಿಯಾಯಿತು.

ಅದು ಸಿಟ್ಟಲ್ಲ, ಕಣ್ಣಿನ ದೋಷವೂ ಅಲ್ಲ. ನರವಿಜ್ಞಾನಿಗಳು ಇದನ್ನು ‘ನೆಗ್ಲೆಕ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ‘ಪಾರ್ಶ್ವ ಅಲಕ್ಷ್ಯ’ ಎನ್ನಬಹುದಾದರೂ, ಬೇಕೆಂದೇ ಮಾಡಿದ ತಪ್ಪಿನ ಛಾಯೆ ಆ ಪದಕ್ಕಿರುವುದರಿಂದ ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ.

ಎರಡೂ ಕಣ್ಣುಗಳು ಕಾಣುವ ದೃಶ್ಯದ ಎಡ ಅರ್ಧ ಮಿದುಳಿನ ಬಲ ಅರೆಗೋಳಕ್ಕೂ ಬಲ ಅರ್ಧ ಎಡ ಅರೆಗೋಳಕ್ಕೂ ತಲುಪುತ್ತದೆ. ನೋಟದ ಈ ಹಂಚಿಕೆ ಸಮಪಾಲಿನದು. ಗಮನದ ಹಂಚಿಕೆ ಹಾಗಲ್ಲ. ಬಲ ಅರೆಗೋಳ ಎರಡೂ ಬದಿಗಳನ್ನು ಕಾಯುತ್ತದೆ, ಎಡ ಅರೆಗೋಳ ಮುಖ್ಯವಾಗಿ ಬಲಬದಿಯನ್ನಷ್ಟೇ ಕಾಯುತ್ತದೆ ಎಂಬುದು ಅಮೆರಿಕದ ನರವಿಜ್ಞಾನಿ ಕೆನೆತ್ ಹೈಲ್ಮನ್ ಮುಂದಿಟ್ಟ ವಿವರಣೆ. ಎಡ ಅರೆಗೋಳಕ್ಕೆ ಪೆಟ್ಟಾದರೆ ಬಲದ ಕಾವಲುಗಾರನಿದ್ದಾನೆ. ಬಲದವನೇ ಬಿದ್ದರೆ ಎಡಬದಿಗೆ ದಿಕ್ಕಿಲ್ಲ. ತೀವ್ರವಾದ, ಬಹುಕಾಲ ಉಳಿಯುವ ಪಾರ್ಶ್ವ ಅಲಕ್ಷ್ಯ ಹೆಚ್ಚಾಗಿ ಬಲ ಅರೆಗೋಳದ ಹಾನಿಯಿಂದಲೇ ಬರುವುದು ಹೀಗೆ. (ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಲೆಗೆ ಎಂಬ ಜನಪ್ರಿಯ ಮಾತಿಗೂ ಇದಕ್ಕೂ ಸಂಬಂಧವಿಲ್ಲ.)

ಮರೆಯಾಗುವುದು ಕಣ್ಣೆದುರಿನ ಎಡವಷ್ಟೇ ಅಲ್ಲ. ಇಟಲಿಯ ಬಿಸಿಯಾಕ್ ಮತ್ತು ಲುಝಾಟ್ಟಿ 1978ರಲ್ಲಿ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ಕೆಥೆಡ್ರಲ್ ಚೌಕವನ್ನು ನೆನಪಿನಿಂದ ವರ್ಣಿಸಲು ಹೇಳಿದರು. ಕೆಥೆಡ್ರಲ್‌ಗೆ ಮುಖ ಮಾಡಿ ನಿಂತಂತೆ ಕಲ್ಪಿಸಿಕೊಂಡಾಗ ಅವರು ಹೇಳಿದ್ದು ಬಹುಮಟ್ಟಿಗೆ ಬಲಗಡೆಯ ಕಟ್ಟಡಗಳನ್ನು. ಕೆಥೆಡ್ರಲ್‌ಗೆ ಬೆನ್ನು ಮಾಡಿ ನಿಂತಂತೆ ಕಲ್ಪಿಸಿಕೊಂಡೊಡನೆ, ಹಿಂದೆ ಬಿಟ್ಟುಹೋಗಿದ್ದ ಕಟ್ಟಡಗಳೇ ನೆನಪಾದವು. ಟೇಕಲ್ ರೈಲು ನಿಲ್ದಾಣದಲ್ಲಿ ಬಂಗಾರಪೇಟೆಯತ್ತ ಮುಖ ಮಾಡಿದಾಗ ಒಂದು ಊರು, ಮಾಲೂರಿನತ್ತ ತಿರುಗಿದಾಗ ಇನ್ನೊಂದು ಊರು ಎಂಬಂಥ ಸ್ಥಿತಿ.

ಆರೋಗ್ಯವಂತರಲ್ಲೂ ಈ ಅಸಮತೆಯ ನೆರಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವರ್ಷಾ ಶ್ರೀನಿವಾಸನ್ ಮತ್ತು ದೇವರಾಜನ್ ಶ್ರೀಧರನ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದಲಾವಣೆಯನ್ನು ಗ್ರಹಿಸುವ ಸೂಕ್ಷ್ಮತೆ ಎಡಬದಿಯಲ್ಲಿ ಹೆಚ್ಚಿತ್ತು. ‘ಬದಲಾಯಿತು’ ಎಂದು ಹೇಳಿಬಿಡುವ ಒಲವು ಬಲಬದಿಗೆ ಹೆಚ್ಚಿತ್ತು. ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಪುಟ್ಟ ಭಾಗಕ್ಕೂ ಮಿದುಳಿನ ಹೊರಪದರಕ್ಕೂ ಇರುವ ನರತಂತುಗಳ ಎಡ-ಬಲ ವ್ಯತ್ಯಾಸ ಈ ಒಲವಿನೊಡನೆ ತಾಳೆಯಾಯಿತು, ಸೂಕ್ಷ್ಮತೆಯೊಡನೆ ಅಲ್ಲ. ಕಾಣುವುದು ಬೇರೆ, ಕಂಡದ್ದರಲ್ಲಿ ಆಯ್ದುಕೊಳ್ಳುವುದು ಬೇರೆ.

ನನ್ನ ಆತಂಕವಿರುವುದು ಪ್ರಯೋಗಾಲಯದ ಹೊರಗೆ. ಮಾತು ನಿಂತರೆ ಮನೆಮಂದಿ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಬಲ ಅರೆಗೋಳದ ಆಘಾತದಲ್ಲಿ ಮಾತು ಸಾಮಾನ್ಯವಾಗಿ ಉಳಿದಿರುತ್ತದೆ. ಕಳೆದುಕೊಂಡದ್ದರ ಅರಿವೇ ಇಲ್ಲದ ರೋಗಿ ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕಾದ ಕಾಯಿಲೆಯಲ್ಲಿ ಈ ನೆಮ್ಮದಿ ಎಷ್ಟು ದುಬಾರಿ! ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ರಾಜ್ಯದ ಮಿದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಎಂಬ ಎಚ್ಚರಿಕೆಗಳ ಜೊತೆಗೆ, ಎಡಗಡೆಯಿಂದ ಕರೆದರೂ ಬಲಕ್ಕೇ ತಿರುಗುವ ರೋಗಿಯ ಬಗೆಗೂ ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಬೇಕು.

ಮನೆಗೆ ಮರಳಿದವರನ್ನು ಪರೀಕ್ಷಿಸಲು ಕಾಗದ, ಪೆನ್ಸಿಲ್ ಸಾಕು. ಗೆರೆ ಎಳೆದು ಅದರ ನಡುಬಿಂದುವನ್ನು ಗುರುತಿಸಲು ಹೇಳಿದರೆ ಗುರುತು ಬಲಕ್ಕೆ ಸರಿಯುತ್ತದೆ. ಗಡಿಯಾರ ಬರೆಸಿದರೆ ಅಂಕಿಗಳೆಲ್ಲ ಬಲಬದಿಯಲ್ಲೇ ಕಿಕ್ಕಿರಿಯಬಹುದು. ಹಾಗೆ ಕಂಡರೆ ವೈದ್ಯರಿಗೆ ತಿಳಿಸಬೇಕು, ರಸ್ತೆಗೆ ಒಬ್ಬರನ್ನೇ ಬಿಡಬಾರದು. ನಮ್ಮಲ್ಲಿ ರಸ್ತೆ ದಾಟುವವರಿಗೆ ವಾಹನಗಳು ಮೊದಲು ಬಲದಿಂದ ಎದುರಾಗುತ್ತವೆ. ಅವು ಅವರಿಗೆ ಕಾಣುತ್ತವೆ. ಎಡದಿಂದ ಬರುವವು ಎದುರಾಗುವುದು ನಡುರಸ್ತೆ ದಾಟಿದ ಮೇಲೆ.