ಕಪ್ಪು-ಬಿಳುಪಿನಲ್ಲಿ ವೃಕ್ಷದರ್ಶನ

ವರ್ಣವೇ ಚಿತ್ರದ ಜೀವವೆಂಬುದು ಸಾಮಾನ್ಯರ ನಂಬಿಕೆ. ನಮ್ಮ ಪ್ರಾಚೀನರು ಹಾಗೆ ಭಾವಿಸಲಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ ಮೆಚ್ಚುವರೆಂದೂ, ವರ್ಣಾಢ್ಯತೆಯನ್ನು ಬಯಸುವವರು ಇತರ ಜನರೆಂದೂ ಹೇಳುತ್ತದೆ. ವರ್ತನೆಯೆಂದರೆ ನೆರಳು-ಬೆಳಕುಗಳ ಏರಿಳಿತ. ಕಪ್ಪು-ಬಿಳುಪಿನ ಛಾಯಾಚಿತ್ರದಲ್ಲಿ ಉಳಿಯುವುವು ಈ ಎರಡೇ. ಆದುದರಿಂದ ಅದನ್ನು ಬಣ್ಣವಿಲ್ಲದ ಬಡಚಿತ್ರವೆಂದೆಣಿಸುವುದು ಸಲ್ಲದು.

ಮರವನ್ನು ಚಿತ್ರಿಸುವವನಿಗೆ ಇಲ್ಲೊಂದು ತೊಡಕುಂಟು. ಮಲೆನಾಡಿನ ಕಾಡಿನಲ್ಲಿ ಕಣ್ಣು ಹಸುರಿನ ಹತ್ತಾರು ಬಗೆಗಳನ್ನು ಗುರುತಿಸುತ್ತದೆ. ಕಪ್ಪು-ಬಿಳುಪಿನಲ್ಲಿ ಅವು ಬಹುಮಟ್ಟಿಗೆ ಒಂದೇ ಬೂದುಬಣ್ಣವಾಗಿ ಬೆರೆತುಹೋಗುತ್ತವೆ. ಆಗ ಮರವನ್ನು ಮರದಿಂದ ಬೇರ್ಪಡಿಸಬೇಕಾದುದು ಬೆಳಕು. ಮುಂಜಾನೆಯ ಓರೆಬಿಸಿಲು ಮತ್ತಿಮರದ ಬಿರುಕುಬಿಟ್ಟ ತೊಗಟೆಯನ್ನು ಎತ್ತಿ ತೋರುತ್ತದೆ. ಮಂಜು ಹಿಂದಿನ ಮರಗಳನ್ನು ಮಸುಕುಗೊಳಿಸಿ ಮುಂದಿನದರ ರೆಂಬೆಗಳಿಗೆ ಸ್ಪಷ್ಟತೆಯನ್ನೀಯುತ್ತದೆ. ಮಸೂರದ ಮುಂದೆ ಕೆಂಪು ಗಾಜನ್ನಿರಿಸಿದರೆ ನೀಲಾಕಾಶ ಕಪ್ಪಾಗಿ ಬಿಳಿಮೋಡ ಮೂಡಿಬರುತ್ತದೆ.

ಕನ್ನಡನಾಡಿನಲ್ಲಿ ಈ ಕಲೆಗೆ ಕೀರ್ತಿ ತಂದವರಲ್ಲಿ ಸೊಂಡೂರಿನ ಎಂ. ವೈ. ಘೋರ್ಪಡೆಯವರು (1931-2011) ಗಣ್ಯರು. ರಾಜ್ಯದ ಅರ್ಥಸಚಿವರಾಗಿದ್ದ ಅವರು ವನ್ಯಜೀವನವನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿ ಖ್ಯಾತರಾದರು. 1983ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರು ‘ಸನ್‌ಲೈಟ್ ಅಂಡ್ ಷ್ಯಾಡೋಸ್’. ಬಿಸಿಲು-ನೆರಳುಗಳೆಂಬ ಈ ಹೆಸರು ಚಿತ್ರಸೂತ್ರದ ವರ್ತನೆಯನ್ನೇ ನೆನಪಿಗೆ ತರುತ್ತದೆ.

ಇಂತಹ ಚಿತ್ರವನ್ನು ನೋಡುವ ಬಗೆಗೆ ಸಮೀಪದ ಮಂಡಗದ್ದೆಯೇ ಉದಾಹರಣೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಗೂಡುಕಟ್ಟುತ್ತವೆ. ಬಿಳಿಯ ಹಕ್ಕಿಯಲ್ಲಿ ಗರಿಯ ಗೆರೆಗಳು ಉಳಿದಿವೆಯೇ, ಕರಿಯ ನೆರಳಿನೊಳಗೆ ಕೊಂಬೆ ಕಾಣುತ್ತದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಬಿಳುಪು ಬರಿಯ ಕಾಗದವಾಗದೆ, ಕಪ್ಪು ಬರಿಯ ಮಸಿಯಾಗದೆ, ನಡುವಣ ಬೂದು ಮೆಟ್ಟಿಲುಮೆಟ್ಟಿಲಾಗಿ ಇಳಿದುಬಂದಿದ್ದರೆ ಅದು ಬಲ್ಲವನ ಕೃತಿ.

ಭದ್ರಾವತಿಯವರಿಗಂತೂ ಈ ದೃಷ್ಟಿ ವಿಶೇಷವಾಗಿ ಬೇಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಕಾಡಿನ ಮರ ಇದ್ದಿಲಾಯಿತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಲ್ಲಿ ಬಿದಿರು ಕಾಗದವಾಯಿತು. ಇವುಗಳಿಂದ ಎಷ್ಟೋ ಮನೆಗಳ ಒಲೆ ಉರಿಯಿತು, ಹಳಿಯುವುದು ಕೃತಘ್ನತೆಯಾದೀತು. ಆದರೆ ಮರವನ್ನು ಇದ್ದಿಲು-ಕಾಗದಗಳ ಲೆಕ್ಕದಲ್ಲಿಯೇ ಕಂಡ ಕಣ್ಣಿಗೆ ನಿಂತ ಮರದ ರೂಪ ಕಾಣದು. ರೂಪವನ್ನು ಕಾಣದವನಿಗೆ ಮರ ಉರುಳಿದಾಗ ಕಳೆದುಕೊಂಡುದೇನೆಂಬುದೂ ತಿಳಿಯದು.

ಈಗ ಕಿಸೆಯಲ್ಲಿಡುವ ದೂರವಾಣಿಯೇ ಚಿತ್ರದ ವರ್ಣವನ್ನು ಕ್ಷಣದಲ್ಲಿ ಕಳೆಯಬಲ್ಲುದು. ಉಪಾಧ್ಯಾಯರು ಮಕ್ಕಳಿಂದ ಒಂದೇ ಮರವನ್ನು ಬೇಸಿಗೆ, ಮಳೆ, ಚಳಿಗಾಲಗಳಲ್ಲಿ ಹೀಗೆ ಚಿತ್ರಿಸಿ ಹೋಲಿಸಿ ನೋಡಿಸಲಿ. ಹಿರಿಯ ವಿದ್ಯಾರ್ಥಿಗಳು ತಮ್ಮಲ್ಲಿರುವ ಹಳೆಯ ತರಗತಿ-ಚಿತ್ರಗಳನ್ನು ಮತ್ತೊಮ್ಮೆ ತೆಗೆದು, ಮುಖಗಳ ಹಿಂದೆ ನಿಂತ ಮರಗಳನ್ನು ಗಮನಿಸಲಿ. ಅವುಗಳಲ್ಲಿ ಇಂದು ಇಲ್ಲದವು ಯಾವುವೆಂದು ಬರೆದು, ಪ್ರತಿಯೊಂದನ್ನು ಶಾಲೆಗೆ ಒಪ್ಪಿಸಿದರೆ, ಅದು ಮುಂದಿನವರಿಗೆ ಬೆಲೆಯುಳ್ಳ ಕಾಣಿಕೆಯಾದೀತು.