ಲಾಕ್ಸನ್‌ಬರ್ಗ್‌ನ ಬೇಸಿಗೆ: ಜನರ ಮಾತು, ನಿಜ ಸಂಗತಿ

ವಿಯೆನ್ನಾ ಪಕ್ಕದ ಲಾಕ್ಸನ್‌ಬರ್ಗ್‌ನಲ್ಲಿ, ಹ್ಯಾಬ್ಸ್‌ಬರ್ಗ್ ದೊರೆಗಳ ಹಳೆಯ ಬೇಸಿಗೆ ಅರಮನೆಯೊಳಗೆ, 'ಐಯಾಸಾ' ಎಂಬ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ಹವಾಮಾನ, ನೀರು, ಇಂಧನ, ಜನಸಂಖ್ಯೆ ಅದರ ವಿಷಯಗಳು. ಪಿಎಚ್‌.ಡಿ. ವಿದ್ಯಾರ್ಥಿಗಳಿಗಾಗಿ ಅದು 1977ರಿಂದ ಬೇಸಿಗೆ ಕಾರ್ಯಕ್ರಮ ನಡೆಸುತ್ತಿದೆ.

"ಅದೊಂದು ಬೇಸಿಗೆ ಶಿಬಿರ, ಯುರೋಪ್ ಸುತ್ತಿ ಬರಬಹುದು."

ಜೂನ್‌ನಿಂದ ಆಗಸ್ಟ್‌ವರೆಗೆ, ನಮ್ಮಲ್ಲಿ ಮಳೆ ಸುರಿಯುವ ಮೂರು ತಿಂಗಳು, ಅಲ್ಲಿ ಕೂತು ಕೆಲಸ ಮಾಡಬೇಕು. ಪರೀಕ್ಷೆಯಿಲ್ಲ. ತಮ್ಮದೇ ಪ್ರಶ್ನೆ ಹೊತ್ತು ಹೋದವರಿಗೆ ಅಲ್ಲಿನ ವಿಜ್ಞಾನಿಯೊಬ್ಬರು ಮಾರ್ಗದರ್ಶಕರಾಗುತ್ತಾರೆ. ಪ್ರಕಟಣೆಗೆ ಯೋಗ್ಯವಾದ ಪ್ರಬಂಧ ಬರೆಯುವುದೇ ಗುರಿ.

"ದುಡ್ಡಿದ್ದವರ ಮಕ್ಕಳಿಗೆ ಮಾತ್ರ."

ಶುಲ್ಕವಿಲ್ಲ. ಸದಸ್ಯ ದೇಶಗಳ ಸಂಸ್ಥೆಗಳೇ ತಮ್ಮ ವಿದ್ಯಾರ್ಥಿಗಳಿಗೆ ನೆರವು ಕೊಡುತ್ತವೆ. ಭಾರತದ ಪರವಾಗಿ ಸದಸ್ಯತ್ವ ಹೊಂದಿರುವುದು ಸರ್ಕಾರದ ತಂತ್ರಜ್ಞಾನ ಮುನ್ನೋಟ ಮಂಡಳಿಯಾದ ಟೈಫ್ಯಾಕ್. 'ನೀವು ಆಯ್ಕೆಯಾಗಿದ್ದೀರಿ, ಡಾಲರ್ ಕಟ್ಟಿ' ಎಂದು ಬರುವ ಮೋಸದ ಇಮೇಲ್‌ಗಳ ಜೊತೆ ದಯವಿಟ್ಟು ಈ ಕಾರ್ಯಕ್ರಮವನ್ನು ಬೆರೆಸಬೇಡಿ.

"ಬರೀ ಮಾತು, ಅದರಿಂದ ಏನೂ ಆಗುವುದಿಲ್ಲ."

ಶೀತಲ ಸಮರ ನಡೆಯುತ್ತಿದ್ದಾಗಲೇ, 1972ರಲ್ಲಿ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸೇರಿ 12 ದೇಶಗಳು ಕಟ್ಟಿದ ಸಂಸ್ಥೆಯಿದು. ಒಂದು ದೇಶದ ಚಿಮಣಿಯ ಗಂಧಕ ಇನ್ನೊಂದು ದೇಶದ ಕೆರೆ, ಕಾಡಿನ ಮೇಲೆ ಆಮ್ಲಮಳೆಯಾಗಿ ಬೀಳುತ್ತಿದ್ದ ಕಾಲ ಅದು. ಅದನ್ನು ತಡೆಯಲು ಆದ 1985ರ ಒಪ್ಪಂದ ಸಹಿ ಹಾಕಿದ ಎಲ್ಲರಿಗೂ ಒಂದೇ ಅಳತೆ ಹಾಕಿ, ಶೇ. 30ರಷ್ಟು ಹೊರಸೂಸುವಿಕೆ ತಗ್ಗಿಸಿ ಎಂದಿತು. ಐಯಾಸಾದ 'ರೇನ್ಸ್' ಮಾದರಿ, ಯಾರ ಹೊಗೆ ಎಲ್ಲಿ ಬೀಳುತ್ತದೆ, ಅಲ್ಲಿನ ಮಣ್ಣು ಎಷ್ಟು ತಡೆಯಬಲ್ಲದು, ತಗ್ಗಿಸಲು ಎಷ್ಟು ಖರ್ಚು ಎಂಬುದನ್ನೆಲ್ಲ ಕೂಡಿಸಿ ಲೆಕ್ಕ ಹಾಕಿತು. ಗಂಧಕದ ಬಗೆಗಿನ 1994ರ ಓಸ್ಲೋ ಒಪ್ಪಂದದಲ್ಲಿ ಒಂದೊಂದು ದೇಶಕ್ಕೂ ಬೇರೆಬೇರೆ ಗುರಿ ಗೊತ್ತಾದದ್ದು ಆ ಲೆಕ್ಕದ ಬಲದಿಂದ. ವೈರಿಗಳೂ ಒಪ್ಪುವಂಥ ಲೆಕ್ಕ ಕೊಡುವುದು ಸಣ್ಣ ಕೆಲಸವಲ್ಲ.

"ಗಣಿತ, ಕಂಪ್ಯೂಟರ್ ಓದಿದವರಿಗಷ್ಟೇ."

ಅರ್ಥಶಾಸ್ತ್ರ, ಜನಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರದವರಿಗೂ ಅಲ್ಲಿ ಜಾಗವಿದೆ. ಕೆ.ಸಿ. ವ್ಯಾಲಿ ಯೋಜನೆಯನ್ನೇ ನೋಡಿ. ಬೆಂಗಳೂರಿನ ಕೊಳಚೆ ನೀರು ಎರಡು ಹಂತದ ಶುದ್ಧೀಕರಣವಾಗಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಎಷ್ಟು ಏರಿತು ಎಂದು ಎಂಜಿನಿಯರ್ ಅಳೆಯಬಹುದು. ಬೋರ್‌ವೆಲ್ ಕೊರೆಸುವ ಸಾಲ ಕಡಿಮೆಯಾಯಿತೇ ಎಂದು ಅರ್ಥಶಾಸ್ತ್ರಜ್ಞೆ ಕೇಳಬೇಕು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಒತ್ತಾಯದ ಹಿಂದಿನ ಆತಂಕವನ್ನು ಇನ್ನೊಬ್ಬರು ಅರಿಯಬೇಕು. ಈ ಮೂರನ್ನೂ ಒಂದೇ ಮೇಜಿಗೆ ತರುವುದೇ ಲಾಕ್ಸನ್‌ಬರ್ಗ್‌ನ ವಿದ್ಯೆ. ಇಂಥ ಪ್ರಶ್ನೆ ಹಿಡಿದು ಪಿಎಚ್‌.ಡಿ. ಮಾಡುತ್ತಿರುವ ಕೋಲಾರದ ಹುಡುಗ, ಹುಡುಗಿಯರು ಅರ್ಜಿ ಹಾಕಲೇಬೇಕು. ಚಳಿಗಾಲದಲ್ಲೇ ಗೈಡ್ ಜೊತೆ ಮಾತಾಡಿ. ಬೇಸಿಗೆ ಬರುವ ಹೊತ್ತಿಗೆ ಆಯ್ಕೆ ಮುಗಿದಿರುತ್ತದೆ.