ಖೀಮಾ ತರಕಾರಿ ಸೂಪು: ತಪಸ್ಸುಕಾಲದ ಹಿಂದಿನ ಮಂಗಳವಾರದಂದು

ವಿಭೂತಿ ಬುಧವಾರ ಸಮೀಪಿಸಿದಂತೆ ಕಥೋಲಿಕ ಗೃಹಿಣಿಗೆ ಎರಡು ಕೆಲಸಗಳು ಕಾದಿರುತ್ತವೆ. ಹಿಂದಿನ ವರ್ಷದ ಗರಿಗಳ ಭಾನುವಾರದಿಂದ ದೇವರ ಪಟದ ಹಿಂದೆ ಒಣಗಿ ನಿಂತಿರುವ ಗರಿಗಳನ್ನು ವಿಭೂತಿಗಾಗಿ ದೇವಾಲಯಕ್ಕೆ ಒಪ್ಪಿಸುವುದು ಒಂದು. ಮನೆಯಲ್ಲಿ ಉಳಿದಿರುವ ಮಾಂಸವನ್ನು ಮುಗಿಸುವುದು ಇನ್ನೊಂದು. ಇಂಗ್ಲೆಂಡಿನವರು ಈ ಮಂಗಳವಾರದಂದು ಮೊಟ್ಟೆ, ಹಾಲು, ಬೆಣ್ಣೆಗಳನ್ನು ಖರ್ಚು ಮಾಡಲು ನಮ್ಮ ದೋಸೆಯಂತಹ ಪ್ಯಾನ್‌ಕೇಕ್ ಹುಯ್ಯುತ್ತಾರೆ. ಬಿಳೇಕಹಳ್ಳಿಯ ನಮ್ಮ ಮನೆಯಲ್ಲಿ ಆ ಸಂಜೆ ಖೀಮಾ ಮತ್ತು ತರಕಾರಿ ಬೆರೆತ ಗಟ್ಟಿ ಸೂಪು. ಬ್ರೆಡ್ಡಿನೊಂದಿಗೆ ಅದೊಂದಿದ್ದರೆ ಬೇರೆ ಊಟ ಬೇಕಾಗದು.

ಸೂಪಿಗೂ ಧರ್ಮಸಭೆಯ ಕಾನೂನಿಗೂ ಹಳೆಯ ನಂಟಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. 1917ರ ಧರ್ಮಸಭಾ ಕಾನೂನು ಸಂಹಿತೆಯ 1250ನೆಯ ವಿಧಿಯು ವಿರತಿಯ ದಿನಗಳಲ್ಲಿ ಮಾಂಸವನ್ನಷ್ಟೇ ಅಲ್ಲ, ಮಾಂಸ ಬೇಯಿಸಿದ ಸಾರನ್ನೂ ಸ್ಪಷ್ಟವಾಗಿ ನಿಷೇಧಿಸಿತ್ತು. ಜಗದ್ಗುರು ಆರನೆಯ ಪೌಲರು 1966ರಲ್ಲಿ ಹೊರಡಿಸಿದ ‘ಪೇನಿತೆಮಿನಿ’ ಎಂಬ ಶಾಸನದಲ್ಲಿ ಮಾಂಸದ ನಿಷೇಧ ಉಳಿಯಿತು, ಸಾರಿನ ಮಾತು ಬಿಟ್ಟುಹೋಯಿತು. 1983ರ ಸಂಹಿತೆಯ ಪ್ರಕಾರ ಮಾಂಸವಿರತಿಯ ನಿಯಮ 14 ವರ್ಷ ತುಂಬಿದವರಿಗೂ, ಉಪವಾಸದ ನಿಯಮ ಪ್ರಾಪ್ತ ವಯಸ್ಸಿನಿಂದ 60ನೆಯ ವರ್ಷದ ಆರಂಭದವರೆಗಿನವರಿಗೂ ಅನ್ವಯಿಸುತ್ತದೆ. ‘ಹಾಗಾದರೆ ಬುಧವಾರ ಚೂರುಗಳನ್ನು ಸೋಸಿ ಬರೀ ಸಾರು ಕುಡಿಯಬಹುದಲ್ಲ’ ಎಂದು ಕೇಳುವ ಜಾಣರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಸಂಹಿತೆಯ ಅಕ್ಷರದಲ್ಲಿ ಅವರಿಗೆ ಎಡೆ ಸಿಕ್ಕೀತು. ಆದರೆ ಸೋಸಣಿಗೆ ಹಿಡಿದು ಮಾಡುವ ತಪಸ್ಸು ಎಂತಹ ತಪಸ್ಸು? ಮಂಗಳವಾರ ರಾತ್ರಿಯೇ ಪಾತ್ರೆ ಬರಿದಾಗಬೇಕು. ನಮ್ಮಿಂದ ಮುಗಿಯದಿದ್ದರೆ ಹಂಚಬೇಕು.

ಇನ್ನು ಮಾಂಸದ ವಿಷಯ. ಬೆಂಗಳೂರಿನ ಕಥೋಲಿಕರಲ್ಲಿ ದನದ ಮಾಂಸ ಹಬ್ಬದ ಅಡುಗೆಯಷ್ಟೇ ಆಗಿರಲಿಲ್ಲ. ಕುರಿಯ ಮಾಂಸ ಕೈಗೆಟುಕದ ಕುಟುಂಬಗಳ ವಾರದ ಪೌಷ್ಟಿಕ ಆಹಾರವೂ ಅದೇ ಆಗಿತ್ತು. 1964ರ ರಾಜ್ಯ ಕಾನೂನು ಹಸುವಿನ ವಧೆಯನ್ನು ನಿಷೇಧಿಸಿ, 12 ವರ್ಷ ಮೀರಿದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತಿತ್ತು. 2020ರ ಡಿಸೆಂಬರಿನಲ್ಲಿ ವಿಧಾನಸಭೆ ಅಂಗೀಕರಿಸಿ, 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಎತ್ತು ಹೋರಿಗಳನ್ನೂ ನಿಷೇಧದೊಳಗೆ ತಂದು, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಹೊರಗುಳಿಸಿತು. ಆ ವರ್ಷ ನಮ್ಮ ಸುತ್ತಿನ ಎಷ್ಟೋ ಮನೆಗಳಲ್ಲಿ ಈ ಸೂಪು ನಿಂತೇಹೋಯಿತು. ಶಿವಾಜಿನಗರದ ಮಾರುಕಟ್ಟೆಯವರೆಗೆ ಎರಡು ಬಸ್ಸು ಬದಲಿಸಿ ಹೋಗಿ ಬರುವ ಶ್ರಮ ಬೇರೆ. ಕಾನೂನನ್ನು ಮೀರಿ ಅಡುಗೆ ಮಾಡಿರೆಂದು ನಾನು ಯಾರಿಗೂ ಹೇಳಲಾರೆ. ಬಡವನ ಬಟ್ಟಲಿನಿಂದ ಏನು ಹೊರಟುಹೋಯಿತೆಂಬುದನ್ನು ಹೇಳದೆಯೂ ಇರಲಾರೆ.

ವಯಸ್ಸಾದ ಎಮ್ಮೆಯ ಮಾಂಸ ನಾರುನಾರಾಗಿ, ಗಡುಸಾಗಿರುತ್ತದೆ. ತುಂಡು ಮಾಡಿ ಬೇಯಿಸಿದರೆ ಹಲ್ಲಿಲ್ಲದವರಿಗೆ ದಕ್ಕದು. ಆದ್ದರಿಂದಲೇ ಖೀಮಾ. ಯಂತ್ರವು ನಾರನ್ನು ಮೊದಲೇ ಕಡಿದುಹಾಕುವುದರಿಂದ ಅರ್ಧ ಕೆಲಸ ಒಲೆಯ ಮೇಲಿಡುವ ಮುನ್ನವೇ ಮುಗಿದಿರುತ್ತದೆ. ಮೊದಲೇ ಅರೆದು ರಾಶಿ ಹಾಕಿದ್ದನ್ನು ಕೊಳ್ಳಬೇಡಿ. ಇಡಿಯ ತುಂಡನ್ನು ಆರಿಸಿ, ತೊಳೆಸಿ, ಕಣ್ಣೆದುರಿಗೇ ಅರೆಸಿಕೊಳ್ಳಿ. ಅರೆದ ಮೇಲೆ ತೊಳೆದರೆ ರಸವೆಲ್ಲ ಮೋರಿಗೆ ಹೋಗುತ್ತದೆ. ತೊಳೆಯದೆ ಅರೆದರೆ ಹೊರಮೈಯ ಕೊಳೆ ಒಳಗೆಲ್ಲ ಬೆರೆಯುತ್ತದೆ. ಇಡೀ ತುಂಡಿನಲ್ಲಿ ಮೇಲ್ಮೈಯಲ್ಲಷ್ಟೇ ಇರುವ ಸೂಕ್ಷ್ಮಜೀವಿಗಳು ಖೀಮಾದಲ್ಲಿ ಎಲ್ಲೆಡೆ ಹರಡುವುದರಿಂದಲೇ ಅದು ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಬೇಕೆನ್ನುತ್ತಾರೆ. ಕುದಿಯುವ ಸೂಪಿನಲ್ಲಿ ಆ ಭಯವಿಲ್ಲ.

ಎಂಟು ಮಂದಿಗೆ ಅರ್ಧ ಕಿಲೋ ಖೀಮಾ ಧಾರಾಳ. ಮೂರು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಒಂದಂಗುಲ ಶುಂಠಿ, ಎರಡು ಗಜ್ಜರಿ, ಒಂದು ನವಿಲುಕೋಸು, ಎರಡು ಆಲೂಗೆಡ್ಡೆ, ಒಂದು ಹಿಡಿ ಹುರುಳಿಕಾಯಿ, ನಾಲ್ಕು ಟೊಮೇಟೊ, ಅರ್ಧ ಬಟ್ಟಲು ಬಾರ್ಲಿ. ಇವುಗಳ ಜೊತೆಗೆ ಒಂದು ಸೀಮೆಬದನೆಯನ್ನೂ ಸೇರಿಸುತ್ತೇನೆ. ತಮಿಳರು ಅದನ್ನು ಬೆಂಗಳೂರು ಕತ್ತಿರಿಕಾಯಿ ಎಂದೇ ಕರೆಯುವಾಗ ನಮ್ಮೂರಿನ ಸೂಪಿನಿಂದ ಅದನ್ನು ಹೊರಗಿಡುವುದು ಸರಿಯಲ್ಲ!

ಬಾರ್ಲಿಯನ್ನು ಎರಡು ಗಂಟೆ ನೆನೆಸಿ, ಎರಡೂವರೆ ಲೀಟರ್ ನೀರಿನಲ್ಲಿ, ಹತ್ತು ಕಾಳು ಮೆಣಸು ಮತ್ತು ಎರಡು ಪಲಾವ್ ಎಲೆಯೊಂದಿಗೆ ಬೇಯಲಿಡಿ. ಕಾಳು ಮೃದುವಾದಾಗ ಗಜ್ಜರಿ, ನವಿಲುಕೋಸು. ಹತ್ತು ನಿಮಿಷದ ಬಳಿಕ ಆಲೂಗೆಡ್ಡೆ, ಸೀಮೆಬದನೆ, ಹುರುಳಿಕಾಯಿ. ಟೊಮೇಟೊ ಮಾತ್ರ ಕೊನೆಗೆ. ಅದರ ಹುಳಿ ಮೊದಲೇ ಬಿದ್ದರೆ ಆಲೂಗೆಡ್ಡೆ ಎಷ್ಟು ಹೊತ್ತಾದರೂ ಮೆತ್ತಗಾಗದೆ ಸತಾಯಿಸುತ್ತದೆ. ಬಾರ್ಲಿ ಸಿಗದಿದ್ದರೆ ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹುಯ್ದು ಐದು ನಿಮಿಷ ಕುದಿಸಿರಿ. ಬಣ್ಣ ಕಪ್ಪಾಗುತ್ತದೆ, ರುಚಿ ಕೆಡದು.

ಖೀಮಾವನ್ನು ಈ ಪಾತ್ರೆಗೆ ಹಸಿಯಾಗಿ ಹಾಕಬಾರದು. ಬೇರೆ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಎಮ್ಮೆಯ ಮಾಂಸದಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಎರಡು ಚಮಚ ಎಣ್ಣೆ ಬಿಟ್ಟು, ಖೀಮಾವನ್ನು ಎರಡು ಕಂತಿನಲ್ಲಿ ಹುರಿಯಿರಿ. ಒಮ್ಮೆಲೇ ಸುರಿದರೆ ನೀರು ಬಿಟ್ಟುಕೊಂಡು ಬೇಯುವುದೇ ಹೊರತು ಹುರಿಯುವುದಿಲ್ಲ. ನೀರಾರಿ, ಚಟಪಟ ಸದ್ದು ಬಂದು, ತಳ ಕಂದಾಗುವವರೆಗೆ ಸೌಟಾಡಿಸುವ ಆತುರ ಬೇಡ. ಅನಂತರ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಸೇರಿಸಿ ಬಾಡಿಸಿ, ಎರಡು ಬಟ್ಟಲು ಬಿಸಿನೀರು ಹುಯ್ದು, ತಳಕ್ಕಂಟಿದ್ದನ್ನೆಲ್ಲ ಕೆರೆದು ಬಿಡಿಸಿ, ಮುಚ್ಚಿ, ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಡಿ. ಸೂಪಿನ ರುಚಿಯೆಲ್ಲ ಆ ಕೆರೆದ ಕಂದಿನಲ್ಲೇ ಇದೆ. ಕಡೆಯಲ್ಲಿ ಬಾಣಲೆಯದನ್ನು ಪಾತ್ರೆಗೆ ಸುರಿದು, ಉಪ್ಪು ನೋಡಿ, ಒಂದು ಕುದಿ ಬರಿಸಿದರಾಯಿತು.

ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಮಾಡುವ ಸುಲಭದ ದಾರಿ ನನಗೂ ಗೊತ್ತು. ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಇಂತಹುದೇ ಒಂದು ಮಂಗಳವಾರ, ಪಕ್ಕದ ಮನೆಯ ಏಳು ವರ್ಷದ ಹುಡುಗಿ ಆಡಲು ಬಂದವಳು ನಮ್ಮ ಮಕ್ಕಳ ಜೊತೆ ಕುಳಿತು ಒಂದು ಬಟ್ಟಲು ಸೂಪು ಕುಡಿದುಬಿಟ್ಟಳು. ಅವರದು ಮೊಟ್ಟೆಯನ್ನೂ ಮುಟ್ಟದ ಮನೆ. ನಾನು ಒಲೆಯ ಕಡೆ ಮುಖ ಮಾಡಿದ್ದೆ. ಯಾರ ಮುಂದೆ ಯಾವ ಬಟ್ಟಲಿದೆಯೆಂದು ನೋಡಿರಲಿಲ್ಲ. ‘ಹೇಳದಿದ್ದರೆ ಯಾರಿಗೂ ತಿಳಿಯದು’ ಎಂದು ನಮ್ಮ ಮನೆಯಲ್ಲೇ ಸಲಹೆ ಬಂತು. ಮರುದಿನ ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬಂದವಳಿಗೆ ಆ ಸಲಹೆ ರುಚಿಸಲಿಲ್ಲ. ಹೋಗಿ ಬಾಗಿಲು ತಟ್ಟಿದೆ. ‘ನಿನ್ನೆ ಮಗು ನಮ್ಮಲ್ಲಿ ಸೂಪು ಕುಡಿದಿದೆ. ಅದರಲ್ಲಿ ಎಮ್ಮೆ ಮಾಂಸ ಇತ್ತು ರೀ. ತಪ್ಪು ನನ್ನದು, ಮಗುವನ್ನ ಬೈಬೇಡಿ’ ಎಂದೆ. ಆಕೆ ಏನನ್ನೂ ಹೇಳಲಿಲ್ಲ. ಬಾಗಿಲನ್ನು ಮೆಲ್ಲನೆ ಮುಚ್ಚಿಕೊಂಡರು. ಮೂರು ತಿಂಗಳು ಮಾತಿರಲಿಲ್ಲ, ಮಗುವೂ ಬರಲಿಲ್ಲ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯದಲ್ಲಿ ಸಂತ ಪೌಲರು ಇದೇ ಬಗೆಯ ಪ್ರಶ್ನೆಯೊಂದಿಗೆ ಹೆಣಗುತ್ತಾರೆ. ಅಲ್ಲಿ ಚರ್ಚೆಯಾಗುವುದು ವಿಗ್ರಹಗಳಿಗೆ ಅರ್ಪಿಸಿದ ಮಾಂಸ; ತಿಂದರೆ ದೋಷವಿಲ್ಲವೆಂದು ಅರಿತವರೂ ಅದರಿಂದ ಸೋದರನ ಮನಸ್ಸಾಕ್ಷಿಗೆ ಪೆಟ್ಟಾಗುವುದಾದರೆ ಬಿಡಬೇಕೆಂಬುದು ಅವರ ನಿಲುವು. ಆ ಮೂರು ತಿಂಗಳಲ್ಲಿ ನಾನದನ್ನು ಹಲವು ಸಲ ಓದಿದೆ. ಮಾಂಸವನ್ನು ಪೂರ್ತಿ ಬಿಡಬೇಕೆಂದು ನನಗನಿಸಲಿಲ್ಲ. ನನ್ನ ಊಟ ನನ್ನ ಊಟವೇ, ಅದಕ್ಕಾಗಿ ನಾಚಬೇಕಿಲ್ಲ. ಆದರೆ ನನ್ನ ಬಟ್ಟಲಿನಲ್ಲಿರುವುದು ಅವರಿಗೆ ತಿಳಿಯದೆ ಅವರ ಮಗುವಿನ ಹೊಟ್ಟೆ ಸೇರಬಾರದು. ಮರುವರ್ಷದಿಂದ ತರಕಾರಿಗೊಂದು ಪಾತ್ರೆ, ಖೀಮಾಕ್ಕೊಂದು ಬಾಣಲೆಯಾಯಿತು.

ಇದರಿಂದ ಇನ್ನೊಂದು ಅನುಕೂಲವೂ ಕೂಡಿಬಂತು. ನಮ್ಮ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರು ಅಸ್ವಸ್ಥರ ಮನೆಗಳಿಗೆ ಹೋಗುವಾಗ ಒಂದು ಕ್ಯಾರಿಯರ್ ಸೂಪು ಒಯ್ಯುತ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ಫ್ರೆಡೆರಿಕ್ ಓಜನಾಮ್ ಗೆಳೆಯರೊಂದಿಗೆ ಆರಂಭಿಸಿದ ಈ ಸಭೆಯ ಮುಖ್ಯ ಕೆಲಸ ಇಂದಿಗೂ ಬಡವರ ಮನೆಬಾಗಿಲಿಗೆ ನಡೆದು ಹೋಗುವುದೇ. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ವೃದ್ಧೆಯೊಬ್ಬರಿಗೆ ಅಗಿಯಲಾಗದು, ಮಾಂಸಸತ್ವವಂತೂ ಬೇಕೇಬೇಕು. ಅವರ ಪಾಲಿನ ಸೂಪಿಗೆ ಖೀಮಾ ಹೆಚ್ಚು ಹಾಕಿ, ತರಕಾರಿಯನ್ನು ಮಸೆದು ಕಳುಹಿಸುತ್ತೇವೆ. ಮೂತ್ರಪಿಂಡದ ತೊಂದರೆಯುಳ್ಳ ಇನ್ನೊಬ್ಬರಿಗೆ ವೈದ್ಯರು ಮಾಂಸವನ್ನು ಮಿತಗೊಳಿಸಿದ್ದಾರೆ. ಅವರದಕ್ಕೆ ಒಂದೇ ಚಮಚ. ಬೆರೆಸುವುದನ್ನು ಕೊನೆಗೆ ಇಟ್ಟುಕೊಂಡರೆ ಮಾತ್ರ ಇದು ಸಾಧ್ಯ. ಉಳಿದುದನ್ನು ಅಗಲ ಪಾತ್ರೆಯಲ್ಲಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನ ಮೇಲಂತಸ್ತಿನಲ್ಲಿ ಗಡ್ಡೆಕಟ್ಟಲಿಟ್ಟರೆ ಶುಕ್ರವಾರ ಕಳೆದ ಮೇಲೂ ಬಳಸಬಹುದು.

ಪಕ್ಕದ ಮನೆಯವರ ಮೌನ ಒಂದೇ ದಿನದಲ್ಲಿ ಕರಗಲಿಲ್ಲ. ಮೊದಲು ನೀರಿನ ಟ್ಯಾಂಕರಿನ ವಿಚಾರಕ್ಕೆ ಎರಡು ಮಾತು, ಆಮೇಲೆ ಗೌರಿ ಹಬ್ಬದ ಬಾಗಿನ. ಮುಂದಿನ ವರ್ಷದ ಆ ಮಂಗಳವಾರ ಸಂಜೆ ಹುಡುಗಿಯೇ ಬಂದಳು. ಕೈಯಲ್ಲೊಂದು ಸ್ಟೀಲ್ ಪಾತ್ರೆ. ‘ಆಂಟಿ, ಅಮ್ಮ ತರಕಾರಿದು ಮಾತ್ರ ಹಾಕಿಸ್ಕೊಂಡು ಬಾ ಅಂದ್ರು.’ ಮುಚ್ಚಳ ತೆಗೆದರೆ ಒಳಗೆ ಅವರ ಮನೆಯದೇ ಒಂದು ಸೌಟು. ಆ ಸೌಟಿನಿಂದಲೇ ಬಡಿಸಿ ಕಳುಹಿಸಿದೆ. ಖೀಮಾ ಅಷ್ಟು ಹೊತ್ತೂ ಬಾಣಲೆಯಲ್ಲೇ ಇತ್ತು.